ಮ್ಯಾಗ್ನೆಟ್ ದ್ರಾವಣದಿಂದ ನಿಯೋಡಿಮಿಯಂ ತೆಗೆಯುವುದು: ಶೇ. 40ಕ್ಕೆ ಬಂದು ನಿಂತುಬಿಟ್ಟಿದೆ, ತಪ್ಪು ಎಲ್ಲಿದೆ?

ನೇರಳೆದ್ರಾವಣ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಹಳೆ ಹಾರ್ಡ್ ಡಿಸ್ಕ್‌ಗಳ ಮ್ಯಾಗ್ನೆಟ್‌ನಿಂದ ನಿಯೋಡಿಮಿಯಂ ತೆಗೆಯುತ್ತಿದ್ದೇನೆ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಮಾಡಿದ್ದು ಇಷ್ಟು. ಮ್ಯಾಗ್ನೆಟ್ ಕಾಯಿಸಿ ಕಾಂತಗುಣ ಹೋಗಿಸಿದೆ. ಮೇಲಿನ ನಿಕಲ್ ಲೇಪ ಕಿತ್ತು, ಪುಡಿ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದೆ. ಆಕ್ಸಾಲಿಕ್ ಆಮ್ಲ ಹಾಕಿದಾಗ ತಳದಲ್ಲಿ ಕೂತಿದ್ದನ್ನು ಸೋಸಿ, ಕುಲುಮೆಯಲ್ಲಿ ಸುಟ್ಟು, ಆ ಆಕ್ಸೈಡನ್ನು ಮತ್ತೆ ಆಮ್ಲದಲ್ಲಿ ಕರಗಿಸಿದೆ. ಈಗ ಲೀಟರ್‌ಗೆ ಸುಮಾರು 10 ಗ್ರಾಂ ನಿಯೋಡಿಮಿಯಂ ಇದೆ. ಜೊತೆಗೆ ಸ್ವಲ್ಪ ಪ್ರೇಸಿಯೋಡಿಮಿಯಂ, ಚೂರು ಡಿಸ್ಪ್ರೋಸಿಯಂ. ಪಿಎಚ್ 2.0ಕ್ಕೆ ತಂದಿದ್ದೇನೆ.

ಇನ್ನೊಂದು ಕಡೆ ಸೀಮೆಎಣ್ಣೆಯಲ್ಲಿ 0.5 ಮೋಲಾರ್ ಡೆಹ್ಪಾ (D2EHPA, ಲೋಹದ ಅಯಾನನ್ನು ನೀರಿನಿಂದ ಎಣ್ಣೆಗೆ ಎಳೆದುಕೊಳ್ಳುವ ರಾಸಾಯನಿಕ). ಎರಡನ್ನೂ ಸಮಸಮ ಅಳತೆಯಲ್ಲಿ ಸಪರೇಟಿಂಗ್ ಫನೆಲ್‌ಗೆ ಹಾಕಿ ಕುಲುಕುತ್ತೇನೆ. ಶೇ. 40 ಮಾತ್ರ ಮೇಲಿನ ಪದರಕ್ಕೆ ಹೋಗುತ್ತದೆ. ಒಂದು ಗಂಟೆ ಕುಲುಕಿದರೂ ಅಷ್ಟೇ. ಅದರ ಮೇಲೆ, ಎರಡು ಪದರಗಳ ನಡುವೆ ಹಾಲಿನ ಕೆನೆ ತರಹ ಏನೋ ಕೂರುತ್ತದೆ. ಅದು ಯಾಕೆ ಅಂತಲೂ ತಿಳಿಯುತ್ತಿಲ್ಲ.

ಮೂಲೆಬೆಂಚು

ಕುಲುಕುವುದು ಸಾಲದಿರಬಹುದು ಅಲ್ವಾ? ನಮ್ಮ ಲ್ಯಾಬಿನಲ್ಲಿ ಶೇಕರ್‌ಗೆ ಹಾಕಿ ರಾತ್ರಿಯಿಡೀ ಬಿಡುತ್ತಾರೆ.

ಮಿಕ್ಸರ್ ಸೆಟ್ಲರ್

ಕುಲುಕುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಡೆಹ್ಪಾ ಜೊತೆ ರೇರ್ ಅರ್ಥ್‌ಗಳು (ನಿಯೋಡಿಮಿಯಂ ಗುಂಪಿನ ಲೋಹಗಳು) ಕೆಲವೇ ನಿಮಿಷದಲ್ಲಿ ಸಮತೋಲನಕ್ಕೆ ಬರುತ್ತವೆ. ಐದು ನಿಮಿಷ ಚೆನ್ನಾಗಿ ಬೆರೆಸಿದರೆ ಸಾಕು, ಹತ್ತು ನಿಮಿಷ ಅಂದರೆ ಧಾರಾಳ. ಜಾಸ್ತಿ ಜೋರಾಗಿ, ಜಾಸ್ತಿ ಹೊತ್ತು ಕುಲುಕಿದರೆ ಹನಿಗಳು ತೀರಾ ಸಣ್ಣವಾಗಿ ಪದರ ಬೇರೆಯಾಗುವುದೇ ತಡವಾಗುತ್ತದೆ.

ನೇರಳೆದ್ರಾವಣ ಅವರೇ, ಒಂದು ಪ್ರಶ್ನೆ. ಪಿಎಚ್ 2.0 ಅಂದಿರಲ್ಲ, ಅದು ಕುಲುಕುವ ಮುಂಚೆಯದೋ, ಆಮೇಲಿನದೋ?

ನೇರಳೆದ್ರಾವಣ

ಮುಂಚೆಯದು ಸರ್. ಆಮೇಲೆ ಅಳೆದಿಲ್ಲ.

ಮಿಕ್ಸರ್ ಸೆಟ್ಲರ್

ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ. ಕೆಳಗಿನ ನೀರಿನ ಪದರವನ್ನು ಬೇರೆ ಬೀಕರ್‌ಗೆ ಇಳಿಸಿಕೊಂಡು ಅದರ ಪಿಎಚ್ ನೋಡಿ. ಎರಡೂ ಬೆರೆತಿರುವಾಗ ಎಲೆಕ್ಟ್ರೋಡ್ ಅದ್ದಬೇಡಿ. ಎಣ್ಣೆ ಗಾಜಿಗೆ ಅಂಟಿಕೊಂಡರೆ ಮೀಟರ್ ತೋರಿಸುವ ಅಂಕಿಯನ್ನು ನಂಬುವ ಹಾಗಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬಂದವರಲ್ಲಿ ಬಹಳ ಜನ ಎಡವುವ ಜಾಗ ಇದು. ಡೆಹ್ಪಾ ಅನ್ನೋದು ಒಂದು ಆಮ್ಲ. ಲೋಹವನ್ನು ಅದು ಬಿಟ್ಟಿಯಾಗಿ ಎತ್ತಿಕೊಳ್ಳುವುದಿಲ್ಲ. ಮೂರು ಧನ ಆವೇಶದ ಒಂದು ನಿಯೋಡಿಮಿಯಂ ಅಯಾನು ಮೇಲೆ ಹೋದರೆ ಮೂರು ಹೈಡ್ರೋಜನ್ ಅಯಾನು ಕೆಳಗೆ ನೀರಿಗೆ ಬೀಳುತ್ತವೆ. ಕೆಲಸ ಮುಂದೆ ಹೋದಷ್ಟೂ ನೀರು ಹುಳಿಯಾಗುತ್ತದೆ. ಹುಳಿಯಾದಷ್ಟೂ ಕೆಲಸ ನಿಧಾನವಾಗಿ ಕೊನೆಗೆ ನಿಂತೇಹೋಗುತ್ತದೆ. ಆದ್ದರಿಂದ ನಿಮ್ಮ ನೋಟ್‌ಬುಕ್ಕಿನಲ್ಲಿ ಶುರುವಿನ ಪಿಎಚ್ ಬರೆದರೆ ಪ್ರಯೋಜನ ಕಡಿಮೆ. ಸಮತೋಲನ ಆದಮೇಲಿನ ಪಿಎಚ್ ಬರೆಯಿರಿ.

ಅಯಾನು ತ್ರಿಜ್ಯ

ಮಿಕ್ಸರ್ ಸೆಟ್ಲರ್ ಸರ್ ಹೇಳಿದ್ದಕ್ಕೆ ಲೆಕ್ಕ ಹಾಕಿ ನೋಡಿದೆ. ಎಷ್ಟು ಹೊಂದುತ್ತದೆ ನೋಡಿ.

ಲೀಟರ್‌ಗೆ 10 ಗ್ರಾಂ ಅಂದರೆ 0.069 ಮೋಲಾರ್. ಪೂರ್ತಿ ಮೇಲೆ ಹೋಗಬೇಕಾದರೆ 0.208 ಮೋಲಾರ್ ಹೈಡ್ರೋಜನ್ ಅಯಾನು ನೀರಿಗೆ ಬರಬೇಕು. ಆಗ ಪಿಎಚ್ ಸುಮಾರು 0.7. ಶೇ. 40 ಹೋದಾಗ 0.083 ಮೋಲಾರ್ ಬಿಡುಗಡೆ. ಮೊದಲೇ ಇದ್ದ 0.01 ಸೇರಿಸಿದರೆ ಪಿಎಚ್ 1.03. ನೀವು ಅಳೆದಾಗ 1.0ರ ಆಸುಪಾಸು ಬರುತ್ತದೆ ಅಂತ ನನ್ನ ಅಂದಾಜು.

ಈಗ ಇದರ ಪರಿಣಾಮ. ಒಂದು ಲೋಹಕ್ಕೆ ಮೂರು ಹೈಡ್ರೋಜನ್ ಅಯಾನು ಆದ್ದರಿಂದ, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಇರುವ ಹಂಚಿಕೆ ಅನುಪಾತ ಹೈಡ್ರೋಜನ್ ಅಯಾನಿನ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ಪಿಎಚ್ ಬರೀ 0.1 ಇಳಿದರೆ ಅನುಪಾತ ಅರ್ಧ. ಒಂದು ಪೂರ್ತಿ ಅಂಕಿ ಇಳಿದರೆ ಸಾವಿರದಲ್ಲಿ ಒಂದು ಪಾಲು. ನಿಮ್ಮ ಫನೆಲ್‌ನಲ್ಲಿ ಪಿಎಚ್ ಎರಡರಿಂದ ಒಂದಕ್ಕೆ ಇಳಿದಿದೆ.

ನೇರಳೆದ್ರಾವಣ

ಸರ್, ಈಗಷ್ಟೇ ಅಳೆದು ಬಂದೆ. 1.05! ಲೆಕ್ಕ ಇಷ್ಟು ಹತ್ತಿರ ಬರುತ್ತದೆ ಅಂದುಕೊಂಡಿರಲಿಲ್ಲ. ನಾನು ಮೂರು ವಾರ ಡೆಹ್ಪಾ ಬಾಟಲಿಯೇ ಹಳೆಯದೇನೋ ಅಂತ ಅನುಮಾನ ಪಡುತ್ತಿದ್ದೆ.

ಹಾಗಾದರೆ ಕುಲುಕುತ್ತಾ ಇರುವಾಗಲೇ ಕಾಸ್ಟಿಕ್ ಸೋಡಾ ಹನಿಹನಿಯಾಗಿ ಹಾಕಿ ಪಿಎಚ್ ಎತ್ತಿ ಹಿಡಿದರೆ ಆಗುತ್ತದಾ?

ಮಿಕ್ಸರ್ ಸೆಟ್ಲರ್

ಮಾಡುವವರಿದ್ದಾರೆ. ಆದರೆ ಹನಿ ಬಿದ್ದ ಜಾಗದಲ್ಲಿ ಒಂದು ಕ್ಷಣ ಪಿಎಚ್ ಮೇಲಕ್ಕೆ ಹಾರುತ್ತದೆ. ಅಲ್ಲೇ ಹೈಡ್ರಾಕ್ಸೈಡ್ ಗರಣೆ ಕಟ್ಟುತ್ತದೆ. ಅದು ಪದರಗಳ ನಡುವೆ ಹೋಗಿ ಕೂತರೆ ನಿಮ್ಮ ಕೆನೆ ಇನ್ನೂ ದಪ್ಪವಾಗುತ್ತದೆ.

ಅದಕ್ಕಿಂತ ಡೆಹ್ಪಾವನ್ನೇ ಮೊದಲು ಸಾಬೂನು ಮಾಡಿಕೊಳ್ಳಿ. ಸಪೋನಿಫಿಕೇಷನ್ ಅನ್ನುವುದು ಇದನ್ನೇ. ಡೆಹ್ಪಾದ ಒಂದು ಪಾಲನ್ನು ಸೋಡಿಯಂ ಲವಣವಾಗಿ ಬದಲಿಸುವುದು. ಆಮೇಲೆ ನಿಯೋಡಿಮಿಯಂ ಒಳಗೆ ಬಂದಾಗ ಹೈಡ್ರೋಜನ್ ಬದಲು ಸೋಡಿಯಂ ಹೊರಗೆ ಹೋಗುತ್ತದೆ. ನೀರು ಹುಳಿಯಾಗುವುದಿಲ್ಲ.

ನಿಮ್ಮ ಅಳತೆಗೆ ಹೇಳುವುದಾದರೆ, 100 ಎಂಎಲ್ ಆರ್ಗ್ಯಾನಿಕ್‌ನಲ್ಲಿ (ಮೇಲಿನ ಎಣ್ಣೆ ಪದರದಲ್ಲಿ) 50 ಮಿಲಿಮೋಲ್ ಡೆಹ್ಪಾ ಇದೆ, ಸುಮಾರು 16 ಗ್ರಾಂ. ಅದರ ಶೇ. 40 ಅಂದರೆ 20 ಮಿಲಿಮೋಲ್. ಅದಕ್ಕೆ ಬೇಕಾದ ಕಾಸ್ಟಿಕ್ ಸೋಡಾ 0.8 ಗ್ರಾಂ. ಇದನ್ನು ಆದಷ್ಟು ಕಡಿಮೆ ನೀರಿನಲ್ಲಿ ಕರಗಿಸಿ, 10 ಮೋಲಾರ್ ದ್ರಾವಣವಾದರೆ ಬರೀ 2 ಎಂಎಲ್, ನಿಧಾನವಾಗಿ ಕಲಕುತ್ತಾ ಹಾಕಿ. ಮೊದಲು ಮಬ್ಬಾಗುತ್ತದೆ. ಸ್ವಲ್ಪ ಹೊತ್ತಿಗೆ ಆ ನೀರನ್ನೂ ಎಣ್ಣೆ ಒಳಗೆ ಎಳೆದುಕೊಂಡು ತಿಳಿಯಾಗಬೇಕು. ತಿಳಿಯಾಗದಿದ್ದರೆ ಸ್ವಲ್ಪ ಐಸೋಡೆಕನಾಲ್ ಅಥವಾ ಟಿಬಿಪಿ (ಟ್ರೈಬ್ಯುಟೈಲ್ ಫಾಸ್ಫೇಟ್) ಸೇರಿಸಿ.

ಅಯಾನು ತ್ರಿಜ್ಯ

ಇಲ್ಲೊಂದು ಎಚ್ಚರಿಕೆ. ಡೆಹ್ಪಾ ಜೋಡಿಜೋಡಿಯಾಗಿ ಇರುತ್ತದೆ. ಒಂದು ಲೋಹಕ್ಕೆ ಮೂರು ಜೋಡಿ ಬೇಕು. 0.5 ಮೋಲಾರ್ ಅಂದರೆ 0.25 ಮೋಲಾರ್ ಜೋಡಿ, ಹಾಗಾಗಿ ಹಿಡಿಸುವ ಲೋಹ ಹೆಚ್ಚೆಂದರೆ 0.083 ಮೋಲಾರ್. ನಿಮ್ಮ ದ್ರಾವಣದಲ್ಲಿರುವುದೇ 0.069. ಪೂರ್ತಿ ಎತ್ತಿದರೆ ಆರ್ಗ್ಯಾನಿಕ್ ಶೇ. 80ಕ್ಕೂ ಜಾಸ್ತಿ ತುಂಬಿಹೋಗುತ್ತದೆ. ಅಷ್ಟು ತುಂಬಿದ ಡೆಹ್ಪಾ ಜೇನಿನ ಹಾಗೆ ಮಂದವಾಗಿ, ಕೆಲವೊಮ್ಮೆ ಜೆಲ್ ಆಗಿಬಿಡುತ್ತದೆ. ಆರ್ಗ್ಯಾನಿಕ್ ಎರಡು ಪಾಲು, ನೀರು ಒಂದು ಪಾಲು ತೆಗೆದುಕೊಳ್ಳಿ. ಆಗ ಸಪೋನಿಫಿಕೇಷನ್ ಶೇ. 20 ಇದ್ದರೆ ಸಾಕು.

ಬ್ಯೂರೆಟ್

ತಡವಾಗಿ ಬಂದೆ, ಆದರೆ ಇನ್ನರ್ಧ ಪ್ರಶ್ನೆ ಹಾಗೇ ಉಳಿದಿದೆ ಅನ್ನಿಸಿತು. ಆ ಕೆನೆ. ಪಿಎಚ್ ಇಳಿದ ಮಾತ್ರಕ್ಕೆ ಕೆನೆ ಬರುವುದಿಲ್ಲ.

ನೇರಳೆದ್ರಾವಣ ಅವರೇ, ಮೂರು ವಿಷಯ ಹೇಳಿ. ಆಕ್ಸಾಲೇಟ್ ಕೆಳಗೆ ಕೂತಾಗ ಅದರ ಬಣ್ಣ ಏನಿತ್ತು? ಆಕ್ಸಾಲಿಕ್ ಆಮ್ಲ ಹಾಕುವ ಮುಂಚೆ ದ್ರಾವಣ ಹಸಿರಿತ್ತೋ, ಹಳದಿ ಇತ್ತೋ? ಲೋಹ ಎಷ್ಟಿದೆ ಅಂತ ಅಳೆಯುವ ಇಡಿಟಿಎ ಟೈಟ್ರೇಷನ್‌ನಲ್ಲಿ ಜೈಲಿನಾಲ್ ಆರೆಂಜ್ ಸೂಚಕದ ಬಣ್ಣ ಚುರುಕಾಗಿ ತಿರುಗುತ್ತದೋ, ಎಳೆದಾಡುತ್ತದೋ?

ನೇರಳೆದ್ರಾವಣ

ಮೇಡಂ, ಆಕ್ಸಾಲೇಟ್ ತಿಳಿಹಳದಿ ಇತ್ತು. ಆಮ್ಲದಲ್ಲಿ ಕರಗಿಸಿದ ದ್ರಾವಣ ಹಸಿರಿತ್ತು. ಟೈಟ್ರೇಷನ್ ನೀವು ಹೇಳಿದ ಹಾಗೇ, ಕೆಂಪು ನೇರಳೆಯಿಂದ ಹಳದಿಗೆ ಬರುವುದು ಎಳೆದಾಡುತ್ತದೆ, ಬಂದರೂ ಮತ್ತೆ ಕೆಂಪಾಗುತ್ತದೆ. ನನ್ನ ಕೈಗುಣ ಸರಿಯಿಲ್ಲ ಅಂದುಕೊಂಡಿದ್ದೆ.

ಬ್ಯೂರೆಟ್

ಕೈಗುಣ ಸರಿಯಾಗಿದೆ. ನಿಮ್ಮ ದ್ರಾವಣದಲ್ಲಿ ಕಬ್ಬಿಣ ಉಳಿದಿದೆ.

ನಿಯೋಡಿಮಿಯಂ ಆಕ್ಸಾಲೇಟ್ ಬಿಳಿಗೆ ಗುಲಾಬಿ ನೇರಳೆ ಛಾಯೆ ಸವರಿದ ಹಾಗಿರುತ್ತದೆ. ಹಳದಿ ಬಣ್ಣ ಫೆರಸ್ ಆಕ್ಸಾಲೇಟ್‌ದು. ಹಸಿರು ದ್ರಾವಣ ಅಂದರೆ ಕಬ್ಬಿಣ ಫೆರಸ್ (ಎರಡು ಧನ ಆವೇಶದ) ರೂಪದಲ್ಲಿದೆ ಅಂತ. ಫೆರಸ್ ಆಕ್ಸಾಲೇಟ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ನಿಯೋಡಿಮಿಯಂ ಜೊತೆಗೇ ಕೆಳಗೆ ಕೂರುತ್ತದೆ. ಅದೇ ಕಬ್ಬಿಣ ಫೆರಿಕ್ (ಮೂರು ಧನ ಆವೇಶದ್ದು) ಆಗಿದ್ದರೆ ಆಕ್ಸಾಲೇಟ್ ಅದನ್ನು ಸುತ್ತುವರಿದು ದ್ರಾವಣದಲ್ಲೇ ಉಳಿಸುತ್ತದೆ.

ನೀವು ಸುಟ್ಟಾಗ ಎಲ್ಲ ಸೇರಿ ಕಂದು ಪುಡಿ ಬಂದಿರಬೇಕು. ಪ್ರೇಸಿಯೋಡಿಮಿಯಂ ಆಕ್ಸೈಡ್ ಕೂಡ ಕಪ್ಪುಗಂದು ಆದ್ದರಿಂದ ಅನುಮಾನ ಬರಲಿಲ್ಲ. ಆಮೇಲೆ ಕರಗಿಸಿದಾಗ ಕಬ್ಬಿಣ ಫೆರಿಕ್ ಆಗಿ ಬಂದಿದೆ. ಅದು ಜೈಲಿನಾಲ್ ಆರೆಂಜನ್ನು ಬಿಗಿಯಾಗಿ ಹಿಡಿದುಕೊಂಡು ಬಿಡುವುದಿಲ್ಲ. ನಿಮ್ಮ ಟೈಟ್ರೇಷನ್ ಎಳೆದಾಡುವುದು ಅದಕ್ಕೇ.

ಒಂದು ಹನಿ ಪರೀಕ್ಷೆ ಮಾಡಿ. ಬಿಳಿ ಟೈಲ್ ಮೇಲೆ ನಿಮ್ಮ ದ್ರಾವಣ ಒಂದು ಹನಿ, ಪಕ್ಕದಲ್ಲಿ ಪೊಟ್ಯಾಸಿಯಂ ಥಯೋಸೈನೇಟ್ ಒಂದು ಹನಿ. ಗಾಜಿನ ಕಡ್ಡಿಯಿಂದ ಎರಡನ್ನೂ ಸೇರಿಸಿ. ರಕ್ತದ ಕೆಂಪು ಬಂದರೆ ಫೆರಿಕ್ ಕಬ್ಬಿಣ ಇದೆ.

ಮಿಕ್ಸರ್ ಸೆಟ್ಲರ್

ಬ್ಯೂರೆಟ್ ಮೇಡಂ ಸರಿಯಾದ ಜಾಗಕ್ಕೆ ಕೈ ಹಾಕಿದರು. ಫೆರಿಕ್ ಕಬ್ಬಿಣವನ್ನು ಡೆಹ್ಪಾ ರೇರ್ ಅರ್ಥ್‌ಗಿಂತ ಮೊದಲೇ, ಪಿಎಚ್ ಒಂದಕ್ಕಿಂತ ಕೆಳಗಿದ್ದರೂ ಎತ್ತಿಕೊಳ್ಳುತ್ತದೆ. ಎತ್ತಿಕೊಂಡ ಮೇಲೆ ಸಾಧಾರಣ ಆಮ್ಲಕ್ಕೆ ಬಿಡುವುದಿಲ್ಲ. ಒಂದೇ ಆರ್ಗ್ಯಾನಿಕ್ ಮತ್ತೆ ಮತ್ತೆ ಬಳಸಿದರೆ ಅದು ದಿನದಿನಕ್ಕೆ ಹಳದಿಯಾಗುತ್ತಾ ಹೋಗುತ್ತದೆ. ಆ ಹಳದಿಯಷ್ಟೂ ನಿಮಗೆ ಸಿಗದೆ ಹೋದ ಜಾಗ.

ಕೆನೆಗೆ ನಾವು ಕ್ರಡ್ ಅನ್ನುತ್ತೇವೆ. ಕರಗದ ಪುಡಿ, ಸಿಲಿಕಾ, ಹೈಡ್ರಾಕ್ಸೈಡ್ ಎಲ್ಲ ಎರಡು ಪದರಗಳ ನಡುವೆ ಸೇರಿಕೊಂಡು ಹನಿಗಳು ಒಂದಾಗುವುದನ್ನು ತಡೆಯುತ್ತವೆ. ನಿಮ್ಮ ದ್ರಾವಣವನ್ನು ಫನೆಲ್‌ಗೆ ಹಾಕುವ ಮುಂಚೆ ಸಣ್ಣ ರಂಧ್ರದ ಫಿಲ್ಟರ್ ಪೇಪರ್‌ನಲ್ಲಿ ಇನ್ನೊಂದು ಸಲ ಸೋಸಿ. ಕುಲುಮೆಯ ಮೂಸೆಯಿಂದ ಬಂದ ಚೂರು ಇದ್ದರೂ ಸಾಕು, ಕೆನೆ ಕಟ್ಟುತ್ತದೆ.

ನೇರಳೆದ್ರಾವಣ

ಥಯೋಸೈನೇಟ್ ಹಾಕಿದೆ. ಗಾಢ ಕೆಂಪು.

ಈಗ ಕಬ್ಬಿಣ ತೆಗೆಯಲು ಯಾವ ದಾರಿ ಒಳ್ಳೆಯದು? ಮ್ಯಾಗ್ನೆಟ್ ಪುಡಿ ಇನ್ನೂ 60 ಗ್ರಾಂ ಉಳಿದಿದೆ, ಮೊದಲಿಂದ ಮಾಡಲು ಸಿದ್ಧ.

ಬ್ಯೂರೆಟ್

ಮೂರು ದಾರಿ ಇವೆ. ನಾನು ಮೂರನೆಯದನ್ನೇ ಹೇಳುವುದು. ಆದರೂ ಮೊದಲಿನೆರಡರ ಕಷ್ಟ ಗೊತ್ತಿರಲಿ.

ಆಕ್ಸಾಲೇಟ್ ದಾರಿಯಲ್ಲೇ ಹೋಗುವುದಾದರೆ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಬ್ಬಿಣವನ್ನೆಲ್ಲ ಫೆರಿಕ್ ಮಾಡಬೇಕು. ಸ್ವಲ್ಪಸ್ವಲ್ಪವಾಗಿ ಹಾಕಿ, ಬಿಸಿಯಾಗಿ ಉಕ್ಕುತ್ತದೆ. ಆದರೆ ಮ್ಯಾಗ್ನೆಟ್‌ನ ಸೂತ್ರ ನೋಡಿ, ಎರಡು ನಿಯೋಡಿಮಿಯಂಗೆ ಹದಿನಾಲ್ಕು ಕಬ್ಬಿಣ. ಆ ಕಬ್ಬಿಣವೆಲ್ಲ ಆಕ್ಸಾಲೇಟ್ ತಿನ್ನುತ್ತದೆ. ನಿಯೋಡಿಮಿಯಂಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಆಮ್ಲ ಕಬ್ಬಿಣಕ್ಕೇ ಹೋಗುತ್ತದೆ. ಇನ್ನೊಂದು ವಿಷಯ ಪುಸ್ತಕದಲ್ಲಿ ಓದಿದಾಗ ನನಗೂ ಮನಸ್ಸಿಗೆ ಇಳಿದಿರಲಿಲ್ಲ, ಕಣ್ಣಾರೆ ನೋಡಿದಾಗಲೇ ಇಳಿದದ್ದು. ಫೆರಿಕ್ ಆಕ್ಸಾಲೇಟ್‌ಗೆ ಬೆಳಕು ಆಗಿಬರುವುದಿಲ್ಲ. ಕಿಟಕಿ ಪಕ್ಕ ಬಿಸಿಲಿಗೆ ಬೀಕರ್ ಇಟ್ಟು ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ತಿಳಿಹಸಿರು ದ್ರಾವಣದ ತಳದಲ್ಲಿ ಹಳದಿ ಪುಡಿ ಕೂತಿತ್ತು. ಬೆಳಕು ಬಿದ್ದು ಫೆರಿಕ್ ಮತ್ತೆ ಫೆರಸ್ ಆಗಿತ್ತು.

ಎರಡನೆಯದು, ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಸೋಡಿಯಂ ಸಲ್ಫೇಟ್ ಹಾಕಿ ಬಿಸಿ ಮಾಡುವುದು. ನಿಯೋಡಿಮಿಯಂ ಸೋಡಿಯಂ ಜೋಡಿ ಸಲ್ಫೇಟ್ ತಿಳಿಗುಲಾಬಿ ಹರಳಾಗಿ ಕೂರುತ್ತದೆ, ಫೆರಸ್ ಕಬ್ಬಿಣ ಮೇಲೆ ಉಳಿಯುತ್ತದೆ. ಇಲ್ಲಿ ಕಬ್ಬಿಣ ಫೆರಸ್ ಆಗಿರುವುದೇ ಒಳ್ಳೆಯದು, ಆಕ್ಸಾಲೇಟ್‌ಗೆ ಪೂರ್ತಿ ಉಲ್ಟಾ. ಆದರೆ ಭಾರದ ರೇರ್ ಅರ್ಥ್‌ಗಳ ಜೋಡಿ ಸಲ್ಫೇಟ್ ಜಾಸ್ತಿ ಕರಗುತ್ತದೆ. ನಿಮ್ಮ ಡಿಸ್ಪ್ರೋಸಿಯಂನಲ್ಲಿ ಒಂದಷ್ಟು ಕೈತಪ್ಪಬಹುದು.

ಮೂರನೆಯದು, ಪುಡಿಯನ್ನು ಗಾಳಿಯಲ್ಲಿ ಚೆನ್ನಾಗಿ ಹುರಿದು, ಕಬ್ಬಿಣವನ್ನೆಲ್ಲ ಫೆರಿಕ್ ಆಕ್ಸೈಡ್ ಮಾಡಿ, ಆಮೇಲೆ ದುರ್ಬಲ ಆಮ್ಲದಲ್ಲಿ ಬಿಸಿಯಾಗಿ ಬಹಳ ಹೊತ್ತು ಇಡುವುದು. ರೇರ್ ಅರ್ಥ್ ಕರಗುತ್ತದೆ, ಕೆಂಪು ಕಬ್ಬಿಣದ ಆಕ್ಸೈಡ್ ಬಹುಪಾಲು ಹಾಗೇ ಉಳಿಯುತ್ತದೆ. ನಿಧಾನ, ಆದರೆ ಆಮ್ಲ ಬಹಳ ಉಳಿಯುತ್ತದೆ. ಡಿಸ್ಪ್ರೋಸಿಯಂ ಕೂಡ ಜೊತೆಗೇ ಬರುತ್ತದೆ.

ನುಣ್ಣನೆಯ ಮ್ಯಾಗ್ನೆಟ್ ಪುಡಿ ಗಾಳಿಯಲ್ಲಿ ತಾನಾಗೇ ಹತ್ತಿಕೊಳ್ಳಬಹುದು. ಒಣಗಿದ ಪುಡಿಯನ್ನು ರಾಶಿ ಹಾಕಿ ಇಡಬೇಡಿ. ಆಮ್ಲಕ್ಕೆ ಹಾಕಿದರೆ ಹೈಡ್ರೋಜನ್ ಬರುತ್ತದೆ, ಫ್ಯೂಮ್ ಹುಡ್ ಒಳಗೇ ಮಾಡಿ.

ಹೊಸ ಓದುಗ

ನಾನು ಈ ವಿಷಯಕ್ಕೆ ಹೊಸಬ. ಒಂದು ಮೂಲ ಪ್ರಶ್ನೆ ಕೇಳಬಹುದಾ? ರೇರ್ ಅರ್ಥ್ ಬೇರ್ಪಡಿಸುವುದು ಕಷ್ಟ, ಕಷ್ಟ ಅಂತ ಎಲ್ಲ ಕಡೆ ಓದುತ್ತೇನೆ. ತಾಮ್ರ, ನಿಕಲ್ ಬೇರೆ ಮಾಡುವುದಕ್ಕಿಂತ ಇದು ಯಾಕೆ ಅಷ್ಟು ಕಷ್ಟ?

ಅಯಾನು ತ್ರಿಜ್ಯ

ಒಳ್ಳೆ ಪ್ರಶ್ನೆ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ರೇರ್ ಅರ್ಥ್ ಅಂದರೆ 17 ಧಾತುಗಳು. ಲ್ಯಾಂಥನಂನಿಂದ ಲುಟೇಷಿಯಂವರೆಗೆ 15, ಜೊತೆಗೆ ಸ್ಕ್ಯಾಂಡಿಯಂ, ಇಟ್ರಿಯಂ. ಎಲ್ಲದಕ್ಕೂ ಮೂರು ಧನ ಆವೇಶವೇ ಇಷ್ಟ. ಲ್ಯಾಂಥನೈಡ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದಾಗ ಹೊಸ ಎಲೆಕ್ಟ್ರಾನ್ ಒಳಗಿನ ಕವಚಕ್ಕೆ ಸೇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ತರಹ. ಗಾತ್ರ ಮಾತ್ರ ಚೂರುಚೂರೇ ಕುಗ್ಗುತ್ತಾ ಹೋಗುತ್ತದೆ. ಲ್ಯಾಂಥನಂ ಅಯಾನಿನ ತ್ರಿಜ್ಯ ಸುಮಾರು 103 ಪಿಕೋಮೀಟರ್, ಲುಟೇಷಿಯಂದು 86. ನಡುವೆ 14 ಹೆಜ್ಜೆ. ಅಂದರೆ ಅಕ್ಕಪಕ್ಕದವರ ನಡುವೆ ಒಂದು ಪಿಕೋಮೀಟರ್ ಚಿಲ್ಲರೆ ವ್ಯತ್ಯಾಸ. ನಾವು ಹಿಡಿದುಕೊಳ್ಳಬೇಕಾದ್ದು ಅಷ್ಟನ್ನೇ.

ಗಾತ್ರ ಕುಗ್ಗಿದಂತೆ ಆವೇಶ ಒತ್ತಾಗುತ್ತದೆ, ಡೆಹ್ಪಾ ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಭಾರದ್ದು ಮೊದಲು ಮೇಲೆ ಹೋಗುತ್ತದೆ. ಅಕ್ಕಪಕ್ಕದ ಎರಡರ ಹಂಚಿಕೆ ಅನುಪಾತಗಳ ಭಾಗಲಬ್ಧವೇ ಬೇರ್ಪಡಿಕೆ ಅಂಶ. ಡೆಹ್ಪಾದಲ್ಲಿ ಅದು ಸರಾಸರಿ ಸುಮಾರು 2.5. ಆದರೆ ಎಲ್ಲ ಕಡೆ ಒಂದೇ ಸಮ ಇಲ್ಲ. ಪ್ರೇಸಿಯೋಡಿಮಿಯಂ ನಿಯೋಡಿಮಿಯಂ ಜೋಡಿಯಲ್ಲಿ ಹತ್ತಿರ ಹತ್ತಿರ 1.5ಕ್ಕೆ ಇಳಿಯುತ್ತದೆ.

ಇದರ ಅರ್ಥ ಏನು ಅಂತ ಲೆಕ್ಕ ಹಾಕೋಣ. ಎರಡೂ ಕಡೆ ಶೇ. 99.9 ಶುದ್ಧತೆ ಬೇಕು ಅಂದುಕೊಳ್ಳಿ. ಅಂಶ 2.5 ಇದ್ದರೆ ಆದರ್ಶ ಸ್ಥಿತಿಯಲ್ಲೂ ಕನಿಷ್ಠ ಸುಮಾರು 15 ಹಂತ (ಒಂದೊಂದು ಹಂತ ಅಂದರೆ ಒಂದು ಸಲ ಬೆರೆಸಿ ಪದರ ಬೇರೆ ಮಾಡುವುದು) ಬೇಕು. 1.5 ಇದ್ದರೆ 34 ಹಂತ. ಇದು ಹೊರಗೆ ಏನೂ ತೆಗೆಯದೆ ಎಲ್ಲವನ್ನೂ ಒಳಗೇ ತಿರುಗಿಸುತ್ತಿದ್ದಾಗಿನ ಲೆಕ್ಕ. ಮಾಲು ಹೊರಗೆ ಬರಬೇಕಾದರೆ ಅದರ ಎಷ್ಟೋ ಪಟ್ಟು ಹಂತ ಬೇಕು. ಕಾರ್ಖಾನೆಗಳಲ್ಲಿ ಬೆರೆಸಿ ಪದರ ಬೇರೆಯಾಗಲು ಬಿಡುವ ತೊಟ್ಟಿಗಳ, ಅಂದರೆ ನೂರಾರು ಮಿಕ್ಸರ್ ಸೆಟ್ಲರ್‌ಗಳ ಸಾಲು ಕಾಣುವುದು ಇದಕ್ಕೇ.

ರೆಸಿನ್

ಹಿಂದಿನವರ ಶ್ರಮ ನೆನೆಸಿಕೊಂಡರೆ ಇದು ಸುಲಭವೇ. ಡಿಡಿಮಿಯಂ ಒಂದೇ ಧಾತು ಅಂತ 1841ರಿಂದ ನಂಬಿದ್ದರು. 1885ರಲ್ಲಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ಅದನ್ನು ಮತ್ತೆ ಮತ್ತೆ ಹರಳುಗಟ್ಟಿಸಿ ಒಂದು ಹಸಿರು, ಒಂದು ನೇರಳೆ ಅಂತ ಬೇರೆ ಮಾಡಿದರು. ಅವೇ ಪ್ರೇಸಿಯೋಡಿಮಿಯಂ, ನಿಯೋಡಿಮಿಯಂ. ಚಾರ್ಲ್ಸ್ ಜೇಮ್ಸ್ ಶುದ್ಧ ಥುಲಿಯಂಗಾಗಿ ಸುಮಾರು 15,000 ಸಲ ಹರಳುಗಟ್ಟಿಸಿದರು, 1911ರ ಹೊತ್ತಿಗೆ. ಒಂದೊಂದು ಸಲವೂ ಕಾಯಿಸಿ, ತಣಿಸಿ, ಸೋಸಿ. ಆಮೇಲೆ 1940ರ ದಶಕದಲ್ಲಿ ಅಮೆರಿಕದ ಏಮ್ಸ್‌ನಲ್ಲಿ ಫ್ರಾಂಕ್ ಸ್ಪೆಡಿಂಗ್ ತಂಡ ಅಯಾನು ವಿನಿಮಯದಿಂದ ಬೇರ್ಪಡಿಸಿ ತೋರಿಸಿತು.

ನನ್ನ ಅಭಿಪ್ರಾಯದಲ್ಲಿ ಲ್ಯಾಬ್ ಪ್ರಾಜೆಕ್ಟ್‌ಗೆ ಇವತ್ತಿಗೂ ರೆಸಿನ್ ಕಾಲಂ (ಅಯಾನು ವಿನಿಮಯ ಮಾಡುವ ರಾಳದ ಮಣಿ ತುಂಬಿದ ಕೊಳವೆ) ಒಳ್ಳೆಯದು. ಒಂದೇ ಕಾಲಂನಲ್ಲಿ ಸಾವಿರಾರು ಹಂತ ಸಿಗುತ್ತವೆ. ಸೀಮೆಎಣ್ಣೆ ವಾಸನೆಯೂ ಇಲ್ಲ, ಕ್ರಡ್ ಕೂಡ ಇಲ್ಲ.

ಮಿಕ್ಸರ್ ಸೆಟ್ಲರ್

ರೆಸಿನ್ ಅವರೇ, ಅತಿ ಶುದ್ಧ ಮಾಲು ಗ್ರಾಂ ಲೆಕ್ಕದಲ್ಲಿ ಬೇಕಾದರೆ ನಿಮ್ಮ ಮಾತು ಒಪ್ಪುತ್ತೇನೆ. ಟನ್ ಲೆಕ್ಕಕ್ಕೆ ಬಂದರೆ ಆಗುವುದಿಲ್ಲ. ಕಾಲಂನಲ್ಲಿ ದ್ರಾವಣ ತೆಳುವಾಗಿರಬೇಕು, ಒಂದು ಬ್ಯಾಚ್ ಮುಗಿದ ಮೇಲೇ ಇನ್ನೊಂದು. ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್‌ನಲ್ಲಿ, ಅಂದರೆ ನೀರಿನಿಂದ ಎಣ್ಣೆಗೆ ಎಳೆಯುವ ಈ ವಿಧಾನದಲ್ಲಿ, ಎರಡೂ ದ್ರವ. ಪೈಪಿನಲ್ಲಿ ಹರಿಸಬಹುದು, ಹಗಲೂ ರಾತ್ರಿ ನಿಲ್ಲಿಸದೆ ಓಡಿಸಬಹುದು.

ಇದರಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಪೀಕಿಂಗ್ ವಿಶ್ವವಿದ್ಯಾಲಯದ ಷು ಗುವಾಂಗ್‌ಷಿಯಾನ್. 1970ರ ದಶಕದಲ್ಲಿ ಪ್ರೇಸಿಯೋಡಿಮಿಯಂ ನಿಯೋಡಿಮಿಯಂ ಬೇರ್ಪಡಿಸುವ ಕೆಲಸ ಹಿಡಿದು, ಎದುರುಬದುರು ಹರಿಯುವ ಹಂತಗಳ ಸಾಲಿಗೆ ಒಂದು ಸಿದ್ಧಾಂತವನ್ನೇ ಕಟ್ಟಿದರು. ಎಷ್ಟು ಹಂತ, ಯಾವ ಹಂತದಲ್ಲಿ ಕಚ್ಚಾ ದ್ರಾವಣ ಒಳಗೆ ಬಿಡಬೇಕು, ತೊಳೆಯುವ ಆಮ್ಲ ಎಷ್ಟು, ಎಲ್ಲ ಲೆಕ್ಕದಿಂದಲೇ ತೆಗೆದು ಕಾರ್ಖಾನೆಗೆ ಇಳಿಸುವ ಹಾಗಾಯಿತು.

ಉದ್ದದ ಸಾಲು ಓಡಿಸುವುದು ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಒಂದು ತುದಿಯಲ್ಲಿ ಆಮ್ಲದ ಹರಿವು ಚೂರು ತಪ್ಪಿದರೆ ಅದರ ಪರಿಣಾಮ ಇನ್ನೊಂದು ತುದಿಯಲ್ಲಿ ಕಾಣಲು ದಿನಗಟ್ಟಲೆ ಹಿಡಿಯುತ್ತದೆ. ಹೊಸದಾಗಿ ತುಂಬಿಸಿದ ಸಾಲು ಸ್ಥಿರವಾಗಲು ವಾರಗಟ್ಟಲೆ ಬೇಕು. ನಾನು ಕೆಲಸ ಮಾಡಿದ ಕಡೆ ಒಂದು ಸಲ ರಾತ್ರಿ ಪಾಳಿಯಲ್ಲಿ ಸ್ಕ್ರಬ್ (ತೊಳೆಯುವ) ಆಮ್ಲದ ಪಂಪ್ ಎರಡು ಗಂಟೆ ನಿಂತಿತ್ತು. ಯಾರೂ ಗಮನಿಸಲಿಲ್ಲ. ಬೆಳಿಗ್ಗೆ ಎಲ್ಲ ಸರಿಯಾಗೇ ಕಂಡಿತು. ಮೂರನೇ ದಿನ ಸ್ಟ್ರಿಪ್ ಆಗಿ (ಎಣ್ಣೆಯಿಂದ ಮತ್ತೆ ನೀರಿಗೆ ಇಳಿದು) ಬಂದ ದ್ರಾವಣ ತಿಳಿನೇರಳೆ ಬದಲು ಸ್ವಲ್ಪ ಮಂಕು ಹಸಿರಿನತ್ತ ವಾಲಿತ್ತು. ಪ್ರೇಸಿಯೋಡಿಮಿಯಂ ನುಗ್ಗಿತ್ತು. ಸಾಲನ್ನು ಮತ್ತೆ ಹದಕ್ಕೆ ತರಲು ಹದಿನೈದು ದಿನ ಹಿಡಿಯಿತು.

ಮೂಲೆಬೆಂಚು

ನಿಯೋಡಿಮಿಯಂ ಪ್ರೇಸಿಯೋಡಿಮಿಯಂ ಬೇರೆ ಮಾಡುವುದು ಅಷ್ಟು ಕಷ್ಟ ಅಂದರೆ, ನೇರಳೆದ್ರಾವಣ ಅವರು ಫನೆಲ್‌ನಲ್ಲಿ ಹೇಗೆ ಮಾಡುತ್ತಾರೆ?

ಅಯಾನು ತ್ರಿಜ್ಯ

ಮಾಡಬೇಕಾಗಿಯೇ ಇಲ್ಲ! ಮ್ಯಾಗ್ನೆಟ್ ಮಾಡುವವರು ಎರಡನ್ನೂ ಒಟ್ಟಿಗೇ ಬಳಸುತ್ತಾರೆ. ಮ್ಯಾಗ್ನೆಟ್‌ನಿಂದ ಬಂದದ್ದು ಮತ್ತೆ ಮ್ಯಾಗ್ನೆಟ್‌ಗೇ ಹೋಗುವುದಾದರೆ ಜೋಡಿಯಾಗೇ ಇರಲಿ. ಬೇರೆ ಮಾಡಬೇಕಾದ್ದು ಡಿಸ್ಪ್ರೋಸಿಯಂ. ಅದು ನಿಯೋಡಿಮಿಯಂನಿಂದ ಆರು ಹೆಜ್ಜೆ ದೂರ. 2.5ನ್ನು ಆರು ಸಲ ಗುಣಿಸಿದರೆ ಸುಮಾರು 244. ಇಷ್ಟು ದೊಡ್ಡ ಅಂಶ ಇದ್ದರೆ ಎರಡು ಮೂರು ಫನೆಲ್‌ನಲ್ಲೇ ಕೆಲಸ ಮುಗಿಯುತ್ತದೆ.

ಹೇಗೆ ಅಂದರೆ, ಎಲ್ಲವನ್ನೂ ಒಟ್ಟಿಗೆ ಮೇಲೆ ಎತ್ತಿಬಿಡಿ. ಕೆಳಗೆ ಇಳಿಸುವಾಗ ಬೇರೆ ಮಾಡಿ. ಮೊದಲು ದುರ್ಬಲ ಆಮ್ಲ, 0.5 ಮೋಲಾರ್ ಹೈಡ್ರೋಕ್ಲೋರಿಕ್. ಅದರಲ್ಲಿ ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ ಬಹುಪಾಲು ಇಳಿದು ಬರುತ್ತವೆ, ಡಿಸ್ಪ್ರೋಸಿಯಂ ಮೇಲೇ ಅಂಟಿಕೊಂಡಿರುತ್ತದೆ. ಆಮೇಲೆ 3 ಅಥವಾ 4 ಮೋಲಾರ್ ಆಮ್ಲ ಹಾಕಿದರೆ ಡಿಸ್ಪ್ರೋಸಿಯಂ ಇಳಿಯುತ್ತದೆ. ಲುಟೇಷಿಯಂ ತರಹದ ತೀರಾ ಭಾರದವಾಗಿದ್ದರೆ ಡೆಹ್ಪಾದಿಂದ ಇಳಿಸುವುದೇ ಕಷ್ಟ. ಅದಕ್ಕೆ ಡೆಹ್ಪಾ ತರಹದವೇ ಆದ ಪಿಸಿ-88ಎ ಅಥವಾ ಸೈಯಾನೆಕ್ಸ್ 272 ಬಳಸುತ್ತಾರೆ, ಅವುಗಳ ಹಿಡಿತ ಸಡಿಲ.

ಹೊಸ ಓದುಗ

ಇದು ಪರಿಸರಕ್ಕೆ ಒಳ್ಳೆಯದು ಅಂತ ಹೇಳಬಹುದಾ? ರೀಸೈಕ್ಲಿಂಗ್ ಅಂದ ಮೇಲೆ ಶುದ್ಧ ಕೆಲಸ ಅಂತ ಅಂದುಕೊಂಡಿದ್ದೆ.

ಮಿಕ್ಸರ್ ಸೆಟ್ಲರ್

ಮ್ಯಾಗ್ನೆಟ್‌ನಲ್ಲಿ ಥೋರಿಯಂ ಇಲ್ಲ, ಯುರೇನಿಯಂ ಇಲ್ಲ. ಮೊನಾಜೈಟ್ ಅದಿರಿನಿಂದ ಶುರುಮಾಡಿದರೆ ಆ ವಿಕಿರಣದ ತಲೆನೋವು ಇರುತ್ತದೆ. ಆ ಮಟ್ಟಿಗೆ ಖಂಡಿತ ಒಳ್ಳೆಯದು. ಆದರೆ ಉಪ್ಪುನೀರಿನ ಲೆಕ್ಕ ಯಾರೂ ಜೋರಾಗಿ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಒಂದು ಲೋಹದ ಅಯಾನು ಮೇಲೆ ಎತ್ತಲು ಮೂರು ಕಾಸ್ಟಿಕ್, ಕೆಳಗೆ ಇಳಿಸಲು ಮೂರು ಆಮ್ಲ. ಎರಡೂ ಸೇರಿ ಮೂರು ಉಪ್ಪು. ಒಂದು ಕಿಲೋ ನಿಯೋಡಿಮಿಯಂ ಆಕ್ಸೈಡ್‌ಗೆ ಕನಿಷ್ಠ 0.71 ಕಿಲೋ ಕಾಸ್ಟಿಕ್ ಸೋಡಾ ಬೇಕು, ಹೊರಗೆ 1.04 ಕಿಲೋ ಅಡುಗೆ ಉಪ್ಪು ಬರುತ್ತದೆ. ಇದು ಒಂದೇ ಒಂದು ಸಲ ಎತ್ತಿ ಇಳಿಸಿದ ಲೆಕ್ಕ. ಉದ್ದದ ಸಾಲಿನಲ್ಲಿ ಅದೇ ಲೋಹ ಹಿಂದೆ ಮುಂದೆ ಎಷ್ಟೋ ಸಲ ಓಡಾಡುತ್ತದೆ, ಅಷ್ಟು ಪಟ್ಟು ಉಪ್ಪು. ಕಾಸ್ಟಿಕ್ ಬದಲು ಅಮೋನಿಯಾ ಬಳಸಿದರೆ ಅಮೋನಿಯಂ ಕ್ಲೋರೈಡ್ ನೀರು ಬರುತ್ತದೆ. ಅದನ್ನು ಹಾಗೇ ಹೊರಗೆ ಬಿಟ್ಟರೆ ಕೆರೆ ನದಿಗಳಲ್ಲಿ ಮೀನು ಉಳಿಯುವುದಿಲ್ಲ.

ಅದಕ್ಕೇ ನಾನು ಮೊದಲಿಂದ ಪಿಎಚ್, ಪಿಎಚ್ ಅನ್ನುತ್ತಿರುವುದು. ಇದು ಬರೀ ಪ್ರಯೋಗದ ಫಲಿತಾಂಶದ ವಿಷಯ ಅಲ್ಲ. ಒಂದು ಲೋಹಕ್ಕೆ ಮೂರು ಹೈಡ್ರೋಜನ್ ಅನ್ನುವ ಲೆಕ್ಕವೇ ಕಾರ್ಖಾನೆಯ ಖರ್ಚು, ಅದೇ ಕಾರ್ಖಾನೆಯ ಕೊಳೆನೀರು.

ನೇರಳೆದ್ರಾವಣ

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಪುಡಿಯನ್ನು ಹುರಿದು, ದುರ್ಬಲ ಆಮ್ಲದಲ್ಲಿ ಬಿಸಿ ಮಾಡಿ ಕರಗಿಸಿದೆ. ಎರಡು ಸಲ ಸೋಸಿದೆ. ಥಯೋಸೈನೇಟ್ ಹನಿಗೆ ಈಗ ತೀರಾ ಮಸುಕು ಗುಲಾಬಿ ಅಷ್ಟೇ. ಟೈಟ್ರೇಷನ್ ಒಂದೇ ಹನಿಗೆ ನಿಂಬೆ ಹಳದಿಗೆ ತಿರುಗಿತು. ಮೂರು ಸಲ ಮಾಡಿದೆ, ಮೂರೂ ಹೊಂದಿದವು.

ಹೊಸ ಡೆಹ್ಪಾ ತಯಾರಿಸಿ, ಶೇ. 20 ಸಪೋನಿಫಿಕೇಷನ್ ಮಾಡಿ, ಎರಡಕ್ಕೆ ಒಂದು ಪಾಲಿನಲ್ಲಿ ಐದು ನಿಮಿಷ ಕುಲುಕಿದೆ. ಎರಡು ನಿಮಿಷದೊಳಗೆ ಪದರ ಬೇರೆಯಾಯಿತು. ಕೆನೆ ಇಲ್ಲ. ಸಮತೋಲನದ ಪಿಎಚ್ 1.8. ಶೇ. 97 ಮೇಲೆ ಹೋಗಿದೆ.

ಫನೆಲ್ ಕಿಟಕಿಗೆ ಹಿಡಿದು ನೋಡಿದೆ. ಕೆಳಗಿನ ನೀರು ಬಣ್ಣವೇ ಇಲ್ಲದ ಹಾಗಿತ್ತು. ಮೇಲಿನ ಎಣ್ಣೆ ತಿಳಿನೇರಳೆ. ಟ್ಯೂಬ್‌ಲೈಟ್ ಕೆಳಗೆ ತಂದರೆ ಆ ನೇರಳೆ ಬೇರೆಯೇ ಬಣ್ಣ ಆಗುತ್ತದೆ, ಮತ್ತೆ ಕಿಟಕಿಗೆ ತಂದರೆ ಮರಳುತ್ತದೆ. ಎಷ್ಟು ಸಲ ಹಾಗೆ ಮಾಡಿದೆನೋ.

0.5 ಮೋಲಾರ್ ಆಮ್ಲದಲ್ಲಿ ಎರಡು ಸಲ ಇಳಿಸಿದ್ದೇನೆ. ಈಗ ಆರ್ಗ್ಯಾನಿಕ್‌ನಲ್ಲಿ ಬಣ್ಣ ಉಳಿದಿಲ್ಲ. ಡಿಸ್ಪ್ರೋಸಿಯಂ ಅದರಲ್ಲೇ ಇದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ ಮೇಡಂ? ಅದಕ್ಕೆ ಕಣ್ಣಿಗೆ ಕಾಣುವಷ್ಟು ಬಣ್ಣ ಇಲ್ಲ.

ಬ್ಯೂರೆಟ್

ಬಹಳ ಸಂತೋಷ ಆಯಿತು. ಆ ಆರ್ಗ್ಯಾನಿಕ್‌ನ ಹತ್ತನೇ ಒಂದು ಪಾಲು ಅಳತೆಯ 4 ಮೋಲಾರ್ ಆಮ್ಲದಲ್ಲಿ ಇಳಿಸಿ. ಕಡಿಮೆ ನೀರಿಗೆ ಇಳಿಸಿದರೆ ಡಿಸ್ಪ್ರೋಸಿಯಂ ಅಲ್ಲಿ ಹತ್ತು ಪಟ್ಟು ಗಟ್ಟಿಯಾಗುತ್ತದೆ, ಟೈಟ್ರೇಷನ್‌ಗೆ ಸಿಗುತ್ತದೆ. ಟೈಟ್ರೇಟ್ ಮಾಡುವ ಮುಂಚೆ ಹೆಕ್ಸಮೀನ್ (ಪಿಎಚ್ ಹಿಡಿದಿಡುವ ದುರ್ಬಲ ಕ್ಷಾರ) ಹಾಕಿ ಪಿಎಚ್ 5.5ರ ಹತ್ತಿರ ತರಲು ಮರೆಯಬೇಡಿ. ಆಮ್ಲ ಬಹಳ ಇರುವುದರಿಂದ ಮೊದಲು ದುರ್ಬಲ ಅಮೋನಿಯಾದಿಂದ ಬಹುಪಾಲು ತಟಸ್ಥ ಮಾಡಿ, ಆಮೇಲೆ ಹೆಕ್ಸಮೀನ್.

ಅದರಲ್ಲಿ ನಿಯೋಡಿಮಿಯಂ ಉಳಿದಿದೆಯಾ ಅಂತ ನೋಡಲು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 575 ನ್ಯಾನೋಮೀಟರ್ ಹತ್ತಿರ ಹುಡುಕಿ. ಪ್ರೇಸಿಯೋಡಿಮಿಯಂಗೆ 444. ಎರಡೂ ಕಡೆ ಗೆರೆ ಸಪಾಟಾಗಿದ್ದರೆ, ಟೈಟ್ರೇಷನ್‌ನಲ್ಲಿ ಸಿಕ್ಕಿದ್ದು ಬಹುತೇಕ ಡಿಸ್ಪ್ರೋಸಿಯಂ.